ಮಸ್ಕಿಯಲ್ಲೊಂದು ಬುಧವಾರದ ಮಧ್ಯಾಹ್ನ

ಅವತ್ತಿನ ಸಭೆಯಲ್ಲಿ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಿಲ್ಲೆಯಿಂದ ಬರಬೇಕಾದ ಸಾಹೇಬರು ಬರದೆಯೇ ಇರಬಹುದಿತ್ತು. ಬಂದರೂ ಎಲ್ಲ ಸಾಹೇಬರಂತೆ ದೀಪ ಹಚ್ಚುವ ಹೊತ್ತಿಗೆ ಬರಬಹುದಿತ್ತು. ಬಂದವರು ನಕಾಶೆಯನ್ನು ಆಫೀಸಿನಲ್ಲೇ ಮರೆತಿರಬಹುದಿತ್ತು. ತಂದಿದ್ದರೂ ಅದು ಬೇರೆ ಯಾವುದೋ ಊರಿನ ನಕಾಶೆ ಆಗಿರಬಹುದಿತ್ತು. ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೆ ಮೈಕು ಕುಂಯ್ ಅನ್ನಬಹುದಿತ್ತು. ಸೈಟು ಮಾರುವವರ ಕಡೆಯ ಮಂದಿ ಮುಂದಿನ ಸಾಲಿನಲ್ಲಿ ಕೂತು, ನಾನು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ತಟ್ಟಿ ನನ್ನನ್ನು ಕೂರಿಸಿಬಿಡಬಹುದಿತ್ತು. ನನಗೆ ಬಿಕ್ಕಳಿಕೆ ಹಿಡಿಯಬಹುದಿತ್ತು. ಕನ್ನಡಕದ ಕಾಲು ಕಳಚಬಹುದಿತ್ತು. ಎದ್ದು ನಿಲ್ಲುವಾಗ ಪ್ಯಾಂಟು ಕುರ್ಚಿಯ ಮೊಳೆಗೆ ಸಿಕ್ಕಿಕೊಳ್ಳಬಹುದಿತ್ತು. ಇದ್ಯಾವುದೂ ಆಗದಿದ್ದರೆ, ಅಭ್ಯಾಸಬಲದಿಂದ "ಹಿಂದಿನ ಬೆಂಚು, ಏನದು ಗದ್ದಲ?" ಎಂದು ಸಾಹೇಬರನ್ನೇ ಗದರಿಸಿಬಿಡಬಹುದಿತ್ತು. ಇವೆಲ್ಲವನ್ನೂ ನಾನು ಅವಸರವಿಲ್ಲದೆ, ಒಂದೊಂದಾಗಿ, ಶ್ರದ್ಧೆಯಿಂದ ಚಿಂತಿಸಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ. ಚಿಂತಿಸಿದ್ದು ಆಗದೆ ಹೋದಾಗ ಮಂದಿಗೆ ಸಮಾಧಾನವಾಗುತ್ತದಂತೆ. ನನಗೆ ಮಾತ್ರ, ಪಟ್ಟ ಕಷ್ಟವೆಲ್ಲ ದಂಡವಾಯಿತಲ್ಲ ಎಂದು ಸಂಕಟವಾಗುತ್ತದೆ.

ಚಿಂತೆ ನನ್ನ ಹವ್ಯಾಸವಲ್ಲ, ಉಪಕಸುಬು. ಮುಖ್ಯ ಕಸುಬು ಅರ್ಥಶಾಸ್ತ್ರದ ಪಾಠ. ಸಿಂಧನೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಉಪನ್ಯಾಸಕ, ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೋಗುತ್ತೇನೆ, ಸಂಜೆ ಸೀಟು ಸಿಕ್ಕ ಬಸ್ಸಿಗೆ ಬರುತ್ತೇನೆ. ಬಸ್ಸು ಹತ್ತಿದ ಮೇಲೆ ಗ್ಯಾಸು ಬಂದ್ ಮಾಡಿದೆವೋ ಇಲ್ಲವೋ ಎಂದು ಮನೆಗೆ ಫೋನು ಮಾಡುತ್ತೇನೆ. ಮನೆಯಲ್ಲಿ ಹೆಂಡತಿ ಅದೇ ಗ್ಯಾಸಿನ ಮೇಲೆ ಅಡಿಗೆ ಮಾಡುತ್ತಿರುತ್ತಾಳೆ. "ಬಂದ್ ಮಾಡಿಲ್ರಿ, ಅನ್ನ ಕುದಿಯಾಕತ್ತೈತಿ. ನಿಮ್ಮ ಚಿಂತಿಗೂ ಒಂದ ಬಸ್ ಪಾಸ್ ಮಾಡಸ್ರಿ, ಅದೂ ದಿನಾ ನಿಮ್ಮ ಜೋಡಿ ಓಡಾಡತೈತಿ" ಎನ್ನುತ್ತಾಳೆ. ಅವಳ ಹೆಸರು ಗಿರಿಜಾ. ಓಣಿಯಲ್ಲಿ ಗಿರಿಜಮ್ಮ ಎಂದರೆ ಎಲ್ಲರಿಗೂ ಗೊತ್ತು. ನನ್ನ ಹೆಸರು ಓಣಿಯಲ್ಲಿ ಯಾರಿಗೆ ಗೊತ್ತು ಎಂಬುದು ಮುಂದೆ ಬರುತ್ತದೆ.

ನಮ್ಮೂರಿನ ಸ್ಥಿತಿ ಅರ್ಥವಾಗಬೇಕಾದರೆ ಬಸ್ಸಿನಲ್ಲಿ ಮೂರು ಜನರ ಸೀಟನ್ನು ನೆನೆಸಿಕೊಳ್ಳಬೇಕು. ಕಿಟಕಿಯ ಕಡೆ ಒಬ್ಬ ಭಾರಿ ಆಸಾಮಿ, ಈಚೆ ಕಡೆ ಇನ್ನೊಬ್ಬ ಭಾರಿ ಆಸಾಮಿ. ನಡುವೆ ಸಿಕ್ಕವನು ಎರಡೂ ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಉಸಿರನ್ನು ಅರ್ಧರ್ಧ ಎಳೆಯುತ್ತ ಕೂತಿರುತ್ತಾನಲ್ಲ, ಅವನೇ ಮಸ್ಕಿ. ಈಚೆ ಸಿಂಧನೂರು: ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿಗಳು, ಟ್ರ್ಯಾಕ್ಟರಿನ ಶೋರೂಮುಗಳು, ಒಂದಕ್ಕೊಂದು ಅಂಟಿಕೊಂಡ ಆಸ್ಪತ್ರೆಗಳು. ಆಚೆ ಲಿಂಗಸುಗೂರು: ಹಳೆಯ ಕಚೇರಿಗಳು, ಕೋರ್ಟು, ಹಳೆಯ ಠೀವಿ. ನಮ್ಮೂರಿನ ಅಂಗಡಿಯಲ್ಲಿ ಕುಕ್ಕರಿನ ರಬ್ಬರು ಕೇಳಿದರೆ ಅಂಗಡಿಯವರು ಡಬ್ಬಿಗಳನ್ನು ಹುಡುಕುವ ಮೊದಲೇ "ಸಿಂಧನೂರಾಗ ಸಿಗತೈತಿ ನೋಡ್ರಿ" ಎನ್ನುತ್ತಾರೆ. ಕನ್ನಡಕದ ಗಾಜು ಕೇಳಿದರೆ "ಲಿಂಗಸುಗೂರಾಗ ಕೇಳ್ರಿ." ಒಮ್ಮೆ ನಾನು ಸಿಟ್ಟಿನಿಂದ "ಮತ್ತ ಮಸ್ಕಿಯಾಗ ಏನ ಸಿಗತೈತಿ?" ಎಂದು ಕೇಳಿದೆ. ಅಂಗಡಿಯವರು ಬಹಳ ಹೊತ್ತು ಯೋಚಿಸಿ, "ಎರಡೂ ಕಡಿಗಿ ಬಸ್ ಸಿಗತಾವ್ರಿ" ಎಂದರು.

ಹಾಗೆಂದು ನಮ್ಮೂರು ಸಣ್ಣ ಊರೇನಲ್ಲ. ಯಾವ ಕಾಲದಲ್ಲೋ ಒಬ್ಬ ಚಕ್ರವರ್ತಿ ಇಲ್ಲಿನ ಬಂಡೆಯ ಮೇಲೆ ತನ್ನ ಆಜ್ಞೆ ಕೆತ್ತಿಸಿ ಹೋಗಿದ್ದಾನೆ. ಸಿಂಧನೂರಿನ ಮೂಲಕ ಬಾರದೆ ಮಸ್ಕಿಗೆ ನೇರವಾಗಿ ತಲುಪಿದ ಕೊನೆಯ ಸರ್ಕಾರಿ ಆದೇಶ ಅದೇ ಇರಬೇಕು. ಈಗ ತಾಲ್ಲೂಕು ಎಂಬ ಬೋರ್ಡು ಕೂಡ ಬಂದಿದೆ. ಬೋರ್ಡು ಬರೆದವನು ಮಾತ್ರ ಸಿಂಧನೂರಿನವನು.

ನಾನು ತರಗತಿಯಲ್ಲಿ ಪ್ರಾದೇಶಿಕ ಅಸಮತೋಲನ ಎಂಬ ಅಧ್ಯಾಯವನ್ನು ಬಹಳ ಕಳಕಳಿಯಿಂದ ಹೇಳುತ್ತೇನೆ. ಒಂದು ಊರಿನಲ್ಲಿ ದುಡಿದದ್ದು ಆ ಊರಿನಲ್ಲೇ ನಾಲ್ಕು ಕೈ ತಿರುಗಬೇಕು. ಚಮ್ಮಾರನಿಂದ ಕಿರಾಣಿಗೆ, ಕಿರಾಣಿಯಿಂದ ಹಾಲಿನವನಿಗೆ, ಹಾಲಿನವನಿಂದ ದರ್ಜಿಗೆ. ಆಗ ಊರು ತನ್ನ ಕಾಲ ಮೇಲೆ ನಿಲ್ಲುತ್ತದೆ ಎನ್ನುತ್ತೇನೆ. ನಮ್ಮೂರಿನ ಹಣ ನಮ್ಮ ಹಾಗೆಯೇ. ಸಂಜೆ ಬಸ್ಸಿಗೆ ಸಿಂಧನೂರಿನಿಂದ ಬಂದು, ರಾತ್ರಿ ನಮ್ಮ ಜೇಬಿನಲ್ಲಿ ಮಲಗಿ, ರಜೆಯ ದಿನ ಐತಾರ ಹೆಂಡತಿ ಮಕ್ಕಳ ಜೊತೆ ತಿರುಗಿ ಸಿಂಧನೂರಿಗೆ ಹೋಗುತ್ತದೆ. ಅದಕ್ಕೂ ಒಂದು ಪಾಸು ಇದ್ದರೆ ಅನುಕೂಲ. ಇಷ್ಟೆಲ್ಲ ಹೇಳುವ ನನ್ನ ಪೆನ್ನು, ಚಪ್ಪಲಿ, ಕೊಡೆ, ಬಿಪಿ ಗುಳಿಗೆ ಎಲ್ಲವೂ ಸಿಂಧನೂರಿನವು. ಹೆಂಡತಿಯೊಬ್ಬಳೇ ಸ್ಥಳೀಯಳು.

ಈ ದುಃಖದಿಂದಲೇ ನಮ್ಮ ಮಸ್ಕಿ ಸ್ವಾವಲಂಬನಾ ಸಮಿತಿ ಹುಟ್ಟಿತು. ಹುಟ್ಟಿದ್ದು ಬಸ್ಸಿನಲ್ಲಿ. ಅದರ ಸಭೆಗಳು ನಡೆಯುವುದೂ ಬಸ್ಸಿನಲ್ಲೇ, ಎಂಟೂವರೆಯ ಬಸ್ಸಿನ ಹಿಂಭಾಗದಲ್ಲಿ. ಯಾಕೆಂದರೆ ಊರಿನ ಉದ್ಧಾರ ಬಯಸುವ ಸದಸ್ಯರೆಲ್ಲ ಒಟ್ಟಿಗೆ ಸಿಗುವುದು ಊರು ಬಿಟ್ಟು ಹೊರಟಾಗ ಮಾತ್ರ. ಐತಾರ ಊರಲ್ಲೇ ಸೇರೋಣ ಎಂದು ಒಮ್ಮೆ ಮಾತಾಯಿತು. ಆ ಐತಾರ ಸದಸ್ಯರೆಲ್ಲ ಸಂಸಾರ ಸಮೇತ ಸಿಂಧನೂರಿನ ಒಂದೇ ಬಟ್ಟೆ ಅಂಗಡಿಯಲ್ಲಿ ಪರಸ್ಪರ ಎದುರಾಗಿ, ತಲೆ ತಗ್ಗಿಸಿಕೊಂಡು ಬೇರೆ ಬೇರೆ ಕೌಂಟರಿಗೆ ಹೋದೆವು.

ಸಮಿತಿಯ ಅಧ್ಯಕ್ಷರು ಬಸವರಾಜಪ್ಪ. ಗೊರೇಬಾಳದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಗೊರೇಬಾಳ ಸಿಂಧನೂರಿಗಿಂತ ಮೊದಲು ಸಿಗುತ್ತದೆ; ಹಾಗಾಗಿ ಅಲ್ಲಿ ಅಧ್ಯಕ್ಷರು ಇಳಿದುಬಿಡುತ್ತಾರೆ. ಸಭೆ ಕಾವೇರುವುದೂ ಹೆಚ್ಚುಕಡಿಮೆ ಗೊರೇಬಾಳದ ಹತ್ತಿರವೇ. "ಹಂಗಾದ್ರ ಈಗ ನಿರ್ಣಯ ಏನಪಾ ಅಂದ್ರ..." ಎಂದು ಅವರು ಎದ್ದು ನಿಲ್ಲುತ್ತಾರೆ, ಎಲ್ಲರೂ ಕಿವಿ ನೆಟ್ಟಗೆ ಮಾಡುತ್ತೇವೆ, ಅಷ್ಟರಲ್ಲಿ ಕಂಡಕ್ಟರ್ ಖಾಜಾಸಾಬ್ ಸೀಟಿ ಊದುತ್ತಾನೆ. "ಅಧ್ಯಕ್ಷರ ಸ್ಟಾಪ್ ಬಂತು, ಜಲ್ದಿ ಇಳೀರಿ, ಊರ ಉದ್ಧಾರ ನಾಳಿ ಮಾಡೀರಂತ." ನಿರ್ಣಯ ನಾಳೆಗೆ ಹೋಗುತ್ತದೆ. ಇನ್ನೊಬ್ಬ ಮುಖ್ಯ ಸದಸ್ಯೆ ಅಂಬಮ್ಮ ಸಿಸ್ಟರ್. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಸೂಜಿ ಚುಚ್ಚುವ ಕೈಗಿಂತ ಅವರ ಮಾತೇ ಹರಿತ. "ಮಸ್ಕಿಯಾಗ ಹಗಲಹೊತ್ತ ಯಾರಿಗರೆ ಎದಿ ನೋವು ಬಂದ್ರ, ಅವರಿಗಿ ಸೂಜಿ ಮಾಡೋ ನಾನು ಸಿಂಧನೂರಾಗಿರ್ತೀನಿ. ಅವರು ಬಸ್ ಹತ್ತಿ ನನ್ನ ಹುಡಿಕ್ಯಂತ ಬರಬೇಕು. ಇದ್ಯಾವ ಬಾಳೇರೀ ಸರ?" ಎಂದು ಅವರು ಒಂದು ದಿನ ಕೇಳಿದರು.

ಹೀಗಿರುವಾಗ ಒಂದು ದಿನ ನಮ್ಮೂರಿಗೆ ಮಹಾಯೋಜನೆ ಬಂತು. ಮುಂದಿನ ಕಾಲಕ್ಕೆ ಊರು ಎಲ್ಲೆಲ್ಲಿ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಶಾಲೆ ಎಂದು ಬಣ್ಣ ಬಳಿದು ತೋರಿಸುವ ದೊಡ್ಡ ನಕಾಶೆ. ಊರಿನ ಆಫೀಸಿನ ಗೋಡೆಗೆ ಕರಡು ಪ್ರತಿಯನ್ನು ಅಂಟಿಸಿದ್ದರು. ನಾನು ಅದನ್ನು ನೋಡಿದ್ದು ಸಂಜೆ, ಮೊಬೈಲಿನ ಬೆಳಕು ಬಿಟ್ಟುಕೊಂಡು, ಕಿಟಕಿಯ ಸರಳಿನ ಹೊರಗಿನಿಂದ. ಹಳದಿ ಎಂದರೆ ವಾಸದ ಮನೆ, ನೀಲಿ ಎಂದರೆ ವ್ಯಾಪಾರ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಶಾಲೆ ಆಸ್ಪತ್ರೆಯಂಥವು ಎಂದು ಮೂಲೆಯಲ್ಲಿ ಬರೆದಿತ್ತು. ಸಿಂಧನೂರಿನ ನಕಾಶೆ ನಾಗರಪಂಚಮಿಯ ಹೊತ್ತಿನ ಸೀರೆ ಅಂಗಡಿಯ ಹಾಗಿತ್ತೆಂದು ನೋಡಿ ಬಂದವರು ಹೇಳಿದರು. ನಮ್ಮದು ಈ ತುದಿಯಿಂದ ಆ ತುದಿಗೆ ಹಳದಿ. ಮೈತುಂಬ ಅರಿಷಿಣ ಹಚ್ಚಿಸಿಕೊಂಡು ಮದುಮಗಳು ಕೂತಿದ್ದಾಳೆ, ವರ ಸಿಂಧನೂರಿನಲ್ಲಿ ಡ್ಯೂಟಿಯ ಮೇಲಿದ್ದಾನೆ, ಹಾಗೆ. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ: ಈ ಪಟ್ಟಣವು ನೆರೆಯ ಪಟ್ಟಣಗಳಲ್ಲಿ ದುಡಿಯುವವರ ವಸತಿ ಕೇಂದ್ರವಾಗಿ ಬೆಳೆಯಲು ಸೂಕ್ತವಾಗಿದೆ. ಸರ್ಕಾರಿ ಕನ್ನಡದಿಂದ ಮನೆಯ ಕನ್ನಡಕ್ಕೆ ತಂದರೆ, ಮಸ್ಕಿ ಮಲಗುವುದಕ್ಕೆ ಚಲೋ ಊರು.

ಹಳದಿಯೊಳಗೆ ಹಳೆಯ ಹತ್ತಿ ಜಿನ್ನಿನ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯ, ಜಾಗವೂ ಸೇರಿತ್ತು. ಅದು ನಮ್ಮ ಮನೆಯ ಓಣಿಯ ತಲೆಗೇ, ಸಿಂಧನೂರಿನ ರಸ್ತೆಗೆ ಮುಖಮಾಡಿ ಇದೆ. ಜಿನ್ನು ನಿಂತು ಎಷ್ಟೋ ಕಾಲವಾಯಿತು. ಈಗ ಜಾಲಿ ಬೆಳೆದಿದೆ, ಎಮ್ಮೆಗಳು ತಿರುಗುತ್ತವೆ. ಅಲ್ಲಿ ನನ್ನ ಸ್ವಾರ್ಥ ಇತ್ತು. ನಮ್ಮ ಕಾಲೇಜಿನ ಆಡಳಿತ ಮಂಡಳಿಯವರು ಒಂದು ಶಾಖೆ ತೆರೆಯಬೇಕೆಂದು ಅದೇ ಜಾಗವನ್ನು ನೋಡಿ ಹೋಗಿದ್ದರು. ನಕಾಶೆಯಲ್ಲಿ ಅದು ಕೆಂಪಾದರೆ ಶಾಖೆ ಮಸ್ಕಿಗೆ. ಶಾಖೆ ಬಂದರೆ ಮಸ್ಕಿಯವನಾದ ನಾನೇ ಅದಕ್ಕೆ ಮೊದಲಿಗ ಎಂದು ಪ್ರಿನ್ಸಿಪಾಲರು ಬಾಯಿಬಿಟ್ಟು ಹೇಳಿದ್ದರು. ಹಳದಿಯಾಗಿಯೇ ಉಳಿದರೆ ಸೈಟುಗಳಾಗುತ್ತವೆ. ಆ ಸೈಟುಗಳಲ್ಲಿ ಮನೆ ಕಟ್ಟಿಸಿದವರೆಲ್ಲ ಬೆಳಿಗ್ಗೆ ನಮ್ಮ ಎಂಟೂವರೆ ಬಸ್ಸಿಗೇ ಬಂದು, ನಮ್ಮ ಸೀಟಿಗೆ ಟವೆಲು ಒಗೆದು ಜಾಗ ಹಿಡಿಯುತ್ತಾರೆ.

ಸ್ವಾರ್ಥ ಎಂದೆ, ಏನು ಸ್ವಾರ್ಥ ಎಂದು ಹೇಳಲು ಸ್ವಲ್ಪ ನಾಚಿಕೆ. ಪಗಾರ ಹೆಚ್ಚಾಗುತ್ತಿರಲಿಲ್ಲ. ಕುರ್ಚಿ ದೊಡ್ಡದಾಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ನಮ್ಮೂರಿನ ಮಧ್ಯಾಹ್ನ. ವಾರದ ದಿನದ ಮಧ್ಯಾಹ್ನ ಮಸ್ಕಿ ಹೇಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬೆಳಗು ಗೊತ್ತು, ಬಸ್‌ಸ್ಟ್ಯಾಂಡಿನವರೆಗೆ. ರಾತ್ರಿ ಗೊತ್ತು, ಹಾಸಿಗೆಯವರೆಗೆ. ನಡುವಿನದನ್ನು ಯಾರೋ ಹರಿದಿಟ್ಟುಕೊಂಡಂತಿತ್ತು. ನಮ್ಮ ಮನೆಯ ಬಾವಿಕಟ್ಟೆಯ ಮೇಲೆ ಮೂರು ಗಂಟೆಗೆ ಬೇವಿನ ನೆರಳು ಬರುತ್ತದೆಯೇ, ನನ್ನ ಹೆಂಡತಿ ಆ ಹೊತ್ತಿನಲ್ಲಿ ಯಾರ ಜೊತೆ ಮಾತಾಡುತ್ತಾಳೆ, ಏನು ಹಾಡು ಗುನುಗುತ್ತಾಳೆ, ನನಗೆ ಗೊತ್ತಿಲ್ಲ. ಒಮ್ಮೆ ಗಿರಿಜಾ ನಗುತ್ತಲೇ ಹೇಳಿದ್ದಳು: "ನೀವು ಈ ಮನಿಗಿ ಬಾಡಿಗಿಯವ್ರ ಇದ್ದಾಂಗ್ರಿ. ಚಲೋ ಬಾಡಿಗಿಯವ್ರು, ಗದ್ಲ ಮಾಡಂಗಿಲ್ಲ." ಆ ಮಾತು ನನ್ನ ಜೊತೆ ಎಷ್ಟೋ ಸಲ ಸಿಂಧನೂರಿಗೆ ಹೋಗಿ ಬಂದಿದೆ.

ಮತ್ತೆ ರೊಟ್ಟಿ. ಬೆಳಿಗ್ಗೆ ಕತ್ತಲಲ್ಲಿ ಬಡಿದ ಜೋಳದ ರೊಟ್ಟಿಯನ್ನು ಮಡಚಿ ಡಬ್ಬಿಗೆ ತುಂಬಿಕೊಂಡು ಹೋಗಿ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತೆರೆದರೆ ಅದು ಮಡಚಿದ ಗೆರೆಗೆ ಸರಿಯಾಗಿ ಮುರಿಯುತ್ತದೆ. ಮುರಿಯುವಾಗ ಸಪ್ಪಳ ಬರುತ್ತದೆ. ಹಂಚಿನ ಮೇಲೆ ಉಬ್ಬಿ, ಹೊಟ್ಟೆಯೊಳಗಿನ ಉಗಿಯನ್ನು ಸೂ ಎಂದು ಬಿಡುವ ರೊಟ್ಟಿಯನ್ನು ಕೈಗೆ ಕೈ ಬದಲಾಯಿಸುತ್ತ, ಪುಂಡಿಪಲ್ಯದ ಜೊತೆ, ನಡು ಮಧ್ಯಾಹ್ನ, ನಮ್ಮ ಅಡಿಗೆಮನೆಯಲ್ಲಿ ಕೂತು ತಿನ್ನಬೇಕು. ನಡೆದುಕೊಂಡು ಬಂದು ತಿಂದು, ನಡೆದುಕೊಂಡು ಕೆಲಸಕ್ಕೆ ಹೋಗಬೇಕು. ನನ್ನ ಪ್ರಾದೇಶಿಕ ಅಭಿವೃದ್ಧಿ ನೀತಿಯನ್ನು ಪೂರ್ತಿ ಬಿಚ್ಚಿ ಹರವಿದರೆ ಅದರೊಳಗೆ ಸಿಗುವುದು ಇಷ್ಟೇ, ಒಂದು ಬಿಸಿ ರೊಟ್ಟಿ.

ಆಕ್ಷೇಪಣೆ ಇದ್ದವರು ಬಂದು ಹೇಳಬಹುದು ಎಂದು ಸಾಹೇಬರು ಸಭೆ ಕರೆದರು. ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ, ಮಸ್ಕಿಯಲ್ಲಿ. ಬೇರೆ ಊರಿಗೆ ದುಡಿಯಲು ಹೋಗುವವರ ಕಷ್ಟವನ್ನು ಕೇಳುವುದಕ್ಕೆ ಅವರೆಲ್ಲ ಬೇರೆ ಊರಿನಲ್ಲಿ ದುಡಿಯುತ್ತಿರುವ ಹೊತ್ತನ್ನೇ ಆರಿಸಿದ್ದರು. ಬಸ್ಸಿನಲ್ಲಿ ತುರ್ತು ಸಭೆ ನಡೆಯಿತು. ಗಿರಣಿಯಲ್ಲಿ ಸೀಜನ್ನು, ಬಸವರಾಜಪ್ಪನವರಿಗೆ ರಜೆ ಇಲ್ಲ. ಅಂಬಮ್ಮ ಸಿಸ್ಟರಿಗೆ ಡ್ಯೂಟಿ. "ಸರ, ನೀವ ಹೋಗ್ರಿ. ಎಕನಾಮಿಕ್ಸ್ ಓದ್ಕೊಂಡೀರಿ, ಸಾಹೇಬ್ರ ಮುಂದ ಬರೋಬ್ಬರಿ ಮಾತಾಡ್ತೀರಿ. ನಮ್ಮೆಲ್ಲರ ಮಾತು ನಿಮ್ಮ ಬಾಯಾಗಿಂದ ಬರ್ಲಿ" ಎಂದರು ಅಧ್ಯಕ್ಷರು. ಗೊರೇಬಾಳಕ್ಕೆ ಮೊದಲೇ ಆದ ಮೊಟ್ಟಮೊದಲ ನಿರ್ಣಯ ಅದು. ಖಾಜಾಸಾಬ್ ಕೂಡ ಖುಷಿಯಿಂದ ಒಂದು ಸೀಟಿ ಹೆಚ್ಚಿಗೆ ಊದಿದ. ನಾನು ಅವತ್ತಿನಿಂದಲೇ ಮೊದಲ ವಾಕ್ಯವನ್ನು ಬಾಯಿಪಾಠ ಮಾಡತೊಡಗಿದೆ: "ಮಾನ್ಯರೇ, ಮಸ್ಕಿ ಬರೀ ಮಲಗುವ ಊರಲ್ಲ." ಬಚ್ಚಲಲ್ಲಿ ಹೇಳಿದೆ. ಬಸ್ಸಿನಲ್ಲಿ ಹೇಳಿದೆ. ಬೇಡಿಕೆಯ ನಿಯಮ ಕಲಿಸುತ್ತ ಮಧ್ಯೆ ಮರೆತು ಜೋರಾಗಿ ಹೇಳಿಬಿಟ್ಟೆ; ವಿದ್ಯಾರ್ಥಿಗಳು ಬರೆದುಕೊಂಡರು.

ಬುಧವಾರ ಅರ್ಧ ದಿನದ ರಜೆ ಹಾಕಿ ಹನ್ನೆರಡರ ಬಸ್ಸು ಹತ್ತಿದೆ. ಆ ಹೊತ್ತಿನಲ್ಲಿ ಮಸ್ಕಿಯ ಕಡೆಗೆ ಹೋಗುವುದು ಎಂಥದೋ ತಪ್ಪು ಮಾಡಿದಂತೆ ಅನಿಸಿತು. ಊರಿನಲ್ಲಿ ಇಳಿದು ಓಣಿಗೆ ತಿರುಗಿದರೆ, ದಿನಾ ರಾತ್ರಿ ಬಾಲ ಆಡಿಸುವ ನಾಯಿ ಬಿಸಿಲಿನಲ್ಲಿ ನನ್ನನ್ನು ಗುರುತಿಸದೆ ಬೊಗಳಿತು. ನಮ್ಮ ಮನೆಯ ಮುಂದೆ ತರಕಾರಿ ಬಂಡಿ ನಿಂತಿತ್ತು. ನಾನು ಗೇಟಿಗೆ ಕೈ ಹಾಕಿದ್ದೇ ತಡ, ಬಂಡಿಯ ಮುದುಕಿ ಕೇಳಿದಳು:

"ಯಾರ ಮನಿ ಬೇಕಾಗಿತ್ತಪಾ?"

"ಇದ ಮನಿ."

"ಗಿರಿಜಮ್ಮಾರ ಮನಿಯೇನು? ಅವರ ಯಜಮಾನ್ರು ಇರಂಗಿಲ್ಲ ನೋಡು. ಸಿಂಧನೂರಾಗಿರ್ತಾರ. ಐತಾರ ಬಾ."

"ಐತಾರನೂ ಇರಂಗಿಲ್ಲಬೇ" ಎಂದೆ. ಯಾಕೋ ನಿಜ ಹೇಳಬೇಕೆನಿಸಿತು.

ಒಳಗಿನಿಂದ ಗಿರಿಜಾ ಬಂದವಳು ನಕ್ಕು ನಕ್ಕು ಬಾಗಿಲಿಗೆ ಆತುಕೊಂಡಳು. "ಅವರ ನಮ್ಮ ಯಜಮಾನ್ರು ಬೇ ಯಮ್ಮಾ" ಎಂದಳು. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೌದೇನು? ಕೈ ಕಾಲು ಗಟ್ಟಿ ಅದಾವ ಬಿಡು" ಎಂದು ಬಂಡಿ ತಳ್ಳಿಕೊಂಡು ಹೋದಳು.

ಹಂಚು ಒಲೆಯ ಮೇಲೆ ಕಾಯುತ್ತಿತ್ತು. "ಕೂಡ್ರಿ, ಮೂರಕ್ಕಲ್ಲ ನಿಮ್ಮ ಮೀಟಿಂಗು? ಭಾಳ ಟೈಮ್ ಐತಿ. ಬಿಸಿಬಿಸಿ ಬಡಿದು ಹಾಕ್ತೀನಿ" ಎಂದಳು. ನಾನು ಗೋಡೆಗೆ ಒರಗಿ ಕೂತೆ. ರೊಟ್ಟಿ ಬಡಿಯುವ ಸಪ್ಪಳವನ್ನು ನಾನು ಕೇಳಿದ್ದು ನಸುಕಿನ ಅರೆನಿದ್ದೆಯಲ್ಲಿ ಮಾತ್ರ. ಹಗಲಿನಲ್ಲಿ ಅದಕ್ಕೆ ಒಂದು ತಾಳ ಇದೆ ಎಂದು ಅವತ್ತು ತಿಳಿಯಿತು. ರೊಟ್ಟಿ ಉಬ್ಬಿತು. ಸೂ ಎಂದಿತು. ಗಿರಿಜಾ ಅದನ್ನು ಹಂಚಿನಿಂದ ನನ್ನ ತಾಟಿಗೆ ಒಗೆದಳು. ನಡುವೆ ಡಬ್ಬಿ ಇರಲಿಲ್ಲ, ಬಸ್ಸಿರಲಿಲ್ಲ, ಗೊರೇಬಾಳ ಇರಲಿಲ್ಲ. ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ಒಂದಾದ ಮೇಲೆ ಒಂದು ಬಂತು. ಬೇಡ ಎನ್ನುವುದನ್ನು ನಾನು ಮರೆತಿದ್ದೆ. ಸಾಕೇನು ಎಂದು ಕೇಳುವುದನ್ನು ಅವಳೂ ಮರೆತಿದ್ದಳು. "ಮನ್ಯಾಗ ಇಷ್ಟ ತಿಂತೀರಿ ಅಂತ ಗೊತ್ತಿದ್ದಿಲ್ಲ ನೋಡ್ರಿ" ಎಂದು ಹಿಟ್ಟಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಂಡಳು. ಹಣೆಯ ಮೇಲೆ ಬಿಳಿ ಗೆರೆ ಮೂಡಿತು. ಹೇಳಲಿಲ್ಲ ನಾನು, ಇರಲಿ ಎಂದು.

ಊಟವಾದ ಮೇಲೆ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಳ್ಳೋಣ ಎಂದು ಪಡಸಾಲೆಯ ಹೊರಸಿನ ಮೇಲೆ ಅಡ್ಡಾದೆ. ಚಿಂತಿಸುವ ಮನುಷ್ಯ, ಮೊಬೈಲಿನಲ್ಲಿ ಎರಡೂವರೆಗೆ ಅಲಾರಾಂ ಇಟ್ಟೇ ಅಡ್ಡಾದೆ. ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ಬಂದು ಎದುರಿನ ಗೋಡೆಯ ಕ್ಯಾಲೆಂಡರಿನ ಮೇಲೆ ಕೂತಿತ್ತು. ಅದು ದಿನಾ ಹೀಗೆ ಬರುತ್ತದೆಯೇನೋ, ನಾನಿಲ್ಲದಾಗ. ದೂರದಲ್ಲಿ ಹಿಟ್ಟಿನ ಗಿರಣಿ ಟುಕ್ ಟುಕ್ ಎನ್ನುತ್ತಿತ್ತು. ಪಾರಿವಾಳಗಳು ಮಾಳಿಗೆಯ ಮೇಲೆ ಗುಟುರುಗುಟ್ಟುತ್ತಿದ್ದವು. ಹೊರಗೆ ಬಾವಿಕಟ್ಟೆಯ ಮೇಲೆ, ಹೌದು, ಬೇವಿನ ನೆರಳು ಬಂದಿತ್ತು. ಅಡಿಗೆಮನೆಯಲ್ಲಿ ಗಿರಿಜಾ ತಾಟು ತೊಳೆಯುತ್ತ ಏನನ್ನೋ ಗುನುಗುತ್ತಿದ್ದಳು. ಯಾವ ಹಾಡು ಎಂದು ಕಿವಿಗೊಟ್ಟೆ. ಮಾನ್ಯರೇ, ಮಸ್ಕಿ ಬರೀ ಮಲಗುವ ಊರಲ್ಲ, ಎಂದು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡೆ.

ಕಣ್ಣು ತೆರೆದಾಗ ಬಿಸಿಲಿನ ತುಂಡು ಕ್ಯಾಲೆಂಡರಿನ ಮೇಲೆ ಇರಲಿಲ್ಲ. ಗೋಡೆಯ ಮೇಲೂ ಇರಲಿಲ್ಲ. ಗಿರಿಜಾ ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು, ಸಪ್ಪಳವಾಗದಂತೆ, ಒಂದೊಂದೇ ಕಾಳು.

"ಟೈಮ್ ಎಷ್ಟಾತು?"

"ನಾಕ ಹೊಡದು ಹೋಗೇತಿ."

"ಅಲಾರಾಂ?"

"ಹೊಡೀತು. ಬಂದ್ ಮಾಡಿದೆ."

ನಾನು ಎದ್ದು ಕೂತೆ. ಚಪ್ಪಲಿ ಸಿಗಲಿಲ್ಲ. "ಯಾಕ ಎಬ್ಬಸಲಿಲ್ಲ? ಊರಿನ ಹಣೇಬರಹನ ಇವತ್ತ..." ಎಂದೆ. ದನಿ ಏರಿತು.

ಅವಳು ಮೊರ ಕೆಳಗಿಟ್ಟಳು. "ಸಾಹೇಬ್ರು ಯಾವತ್ತ ಟೈಮಿಗಿ ಬಂದಾರ್ರಿ? ನಾಕಕ್ಕ ಎಬ್ಬಿಸಿದ್ರಾತು ಅನಕೊಂಡೆ. ನಾಕಾತು. ಎಬ್ಬಸಾಕ ಬಂದೆ, ಹೊರಸಿನ ತನಕ ಬಂದೆ. ನೀವು ಹಿಂಗ ಕೈ ತಲಿ ಕೆಳಗ ಇಟಗೊಂಡು ಮಲಗೀರಿ. ಹಗಲಹೊತ್ತ ಮನ್ಯಾಗ ನೀವು ಮಲಗಿದ್ದು ನಾ ನೋಡಿದ್ದ ಇಲ್ಲ. ಕೈ ಬರ್ಲಿಲ್ರಿ ನನಗ." ಮೊರ ಮತ್ತೆ ಕೈಗೆತ್ತಿಕೊಂಡು, "ಕಾಲೇಜು ಬಂದಾಗ ಬರ್ಲಿ. ಮಧ್ಯಾಹ್ನ ಅಂತೂ ಬಂದಿತ್ತಲ್ಲ ಮನಿಗಿ, ಅದನ್ಯಾಕ ಕೆಡಸ್ಲಿ ಅಂದೆ" ಎಂದಳು. ಹಣೆಯ ಮೇಲಿನ ಹಿಟ್ಟಿನ ಗೆರೆ ಹಾಗೆಯೇ ಇತ್ತು. ನನ್ನ ದನಿ ಇಳಿಯಿತು.

ಆದರೂ ಓಡಿದೆ. ಆಫೀಸಿನ ಹಾಲಿನಲ್ಲಿ ಮೈಕಿನವನು ವೈರು ಸುತ್ತುತ್ತಿದ್ದ.

"ಮುಗೀತೇನಪಾ?"

"ಮುಗದು ಎಷ್ಟೊತ್ತಾತ್ರಿ ಸರ. ಬರೋಬ್ಬರಿ ಮೂರಕ್ಕ ಶುರು ಆತು. ಸಾಹೇಬ್ರು ದಿನಾ ರಾಯಚೂರಿಂದ ಓಡಾಡೋರಂತ, ಸಂಜಿ ಬಸ್ ತಪ್ಪಬಾರದಂತ ಟೈಮಿಗಿ ಬಂದು ಟೈಮಿಗಿ ಹೋದ್ರು."

"ಕರೆಂಟು?"

"ಹೋಗಲೇ ಇಲ್ರಿ."

"ಮೈಕು?"

"ಏನ್ ಕೇಳ್ತೀರಿ ಸರ, ಗಂಟಿ ಹೊಡದಾಂಗ ಇತ್ತು! ಆಕ್ಷೇಪಣೆ ಅದಾವೇನು, ಆಕ್ಷೇಪಣೆ ಅದಾವೇನು ಅಂತ ಸಾಹೇಬ್ರು ಕೇಳಿದ್ದು ಬಸ್‌ಸ್ಟ್ಯಾಂಡ ತನಕ ಕೇಳಸ್ತಂತ." ಆಮೇಲೆ ಕಕ್ಕುಲಾತಿಯಿಂದ, "ನಿಮ್ಮನಿ ತನಕ ಕೇಳಿಸಿರಬೇಕಲ್ರಿ?" ಎಂದ.

ಯಾರೂ ಗಲಾಟೆ ಮಾಡಿರಲಿಲ್ಲ. ಸೈಟಿನವರು ಬಂದೇ ಇರಲಿಲ್ಲ. ಯಾರೂ ಅಡ್ಡ ಬರುವುದಿಲ್ಲ ಎಂದು ಅವರಿಗೆ ನನಗಿಂತ ಹೆಚ್ಚು ಧೈರ್ಯವಿತ್ತು. ಮಾತಾಡುವವರಿಗೆಂದು ಇಟ್ಟಿದ್ದ ಕುರ್ಚಿಯನ್ನು ಮುಟ್ಟಿ ನೋಡಿದೆ. ಮೊಳೆ ಇರಲಿಲ್ಲ. ಊರಿನವರಿಂದ ಆಕ್ಷೇಪಣೆ ಏನೂ ಇಲ್ಲವೆಂದು ತಿಳಿದು ಹಳದಿ ಹಳದಿಯಾಗಿಯೇ ಉಳಿಯಿತು.

ಮರುದಿನ ಏನು ಹೇಳಬೇಕೆಂದು ಸುಳ್ಳುಗಳನ್ನು ಜೋಡಿಸಿಕೊಂಡೇ ಬಸ್ಸು ಹತ್ತಿದೆ. ಹತ್ತುವಾಗಲೇ ಖಾಜಾಸಾಬ್, "ಬರ್ರಿ ಬರ್ರಿ, ಮಲಗೋ ಊರಿನವರು ಹಿಂದ ಹೋಗ್ರಿ" ಎಂದ. ನನಗೆ ತಿಳಿದುಹೋಯಿತು. ಸಭೆ ಹೇಗೆ ನಡೆಯುತ್ತಿದೆ ಎಂದು ಕೇಳಲು ಬಸವರಾಜಪ್ಪ ಗಿರಣಿಯಿಂದ ಫೋನು ಮಾಡಿದ್ದರಂತೆ. ಗಿರಿಜಾ ಎತ್ತಿಕೊಂಡು, ದನಿ ತಗ್ಗಿಸಿ, "ಮಲಗ್ಯಾರ್ರಿ ಅಣ್ಣಾರ" ಎಂದು ಇಟ್ಟಿದ್ದಳಂತೆ. ಅಂಬಮ್ಮ ಸಿಸ್ಟರ್ ಎದ್ದು ನಿಂತರು. "ಸರಗ ಕಿಟಕಿ ಸೀಟ್ ಬಿಡ್ರಿ. ತಲಿ ಆನಿಸಾಕ ಬೇಕಾಗತೈತಿ." ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಸಿಸ್ಟರ್ ಮಾತ್ರ ನಗು ಮುಗಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತರು, ಸಿಂಧನೂರು ಬರುವವರೆಗೂ. ಅದು ನನ್ನನ್ನು ಚುಚ್ಚಿದಷ್ಟು ನಗು ಚುಚ್ಚಲಿಲ್ಲ. ಬಸವರಾಜಪ್ಪ ಸಿಟ್ಟಾಗಲಿಲ್ಲ. ಗೊರೇಬಾಳದಲ್ಲಿ ಇಳಿಯುವ ಮೊದಲು ನನ್ನ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದಂತೆ, "ಸರ, ಒಂದ ಕೇಳ್ತೀನಿ. ಹೆಂಗಿರತೈತಿ ನಮ್ಮೂರು, ಆ ಹೊತ್ತಿನಾಗ?" ಎಂದರು. ನಾನು ಬೇವಿನ ನೆರಳಿನ ಬಗ್ಗೆ ಹೇಳಲು ಬಾಯಿ ತೆರೆದೆ. ಖಾಜಾಸಾಬ್ ಸೀಟಿ ಊದಿದ.

ಕಾಲೇಜಿನ ಶಾಖೆ ಲಿಂಗಸುಗೂರಿಗೆ ಹೋಯಿತು. "ಬೇಕಾದ್ರ ನೀವು ಅಲ್ಲಿಗಿ ಹೋಗ್ರಿ, ನಿಮ್ಮೂರಿಗಿ ಹತ್ರ ಆಗತೈತಿ" ಎಂದರು ಪ್ರಿನ್ಸಿಪಾಲರು, ದೊಡ್ಡ ಮನ್ನಣೆ ಮಾಡಿದಂತೆ. ಹತ್ತಿರವೇನೂ ಆಗುವುದಿಲ್ಲ, ಅದೇ ಡಬ್ಬಿ, ಅದೇ ಮುರಿದ ರೊಟ್ಟಿ, ಬಸ್ಸಿನ ಮೂತಿ ಮಾತ್ರ ಆ ಕಡೆಗೆ. ನಾನು ಸಿಂಧನೂರಿನಲ್ಲೇ ಉಳಿದೆ. ಜಿನ್ನಿನ ಜಾಗದ ಜಾಲಿ ಕಡಿದು ಸೈಟಿನ ಕಲ್ಲು ನೆಟ್ಟಿದ್ದಾರೆ. ಕಲ್ಲಿಗೂ ಹಳದಿ ಬಣ್ಣವನ್ನೇ ಹೊಡೆದಿದ್ದಾರೆ. ಬೆಳಿಗ್ಗೆ ಬಸ್ಸು ಅದರ ಮುಂದೆ ಹಾಯುವಾಗ, ಇದು ಸ್ಟಾಫ್ ರೂಮು, ಇದು ನನ್ನ ಕ್ಲಾಸು, ಈ ಎರಡು ಕಲ್ಲುಗಳ ನಡುವಿನಿಂದ ಹಾದರೆ ನಮ್ಮ ಮನೆಯ ಹಿತ್ತಲು ಎಂದು ಲೆಕ್ಕ ಹಾಕುತ್ತೇನೆ. ಮಧ್ಯಾಹ್ನ ಡಬ್ಬಿ ತೆರೆದಾಗ, ಈಗ ಬಿಸಿಲಿನ ತುಂಡು ಕ್ಯಾಲೆಂಡರಿನ ಮೇಲೆ ಬಂದಿರಬೇಕು ಎಂದುಕೊಳ್ಳುತ್ತೇನೆ. ಮೊದಲು ಇಷ್ಟು ಕಷ್ಟವಿರಲಿಲ್ಲ. ಆಗ ಅದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮತ್ತೆ ಯಾವಾಗಲಾದರೂ ನಕಾಶೆಗೆ ಬಣ್ಣ ಬಳಿಯುವ ಹೊತ್ತು ಬಂದರೆ ಏನೇನು ಕೆಡಬಹುದು ಎಂದು ಈಗಿನಿಂದಲೇ ಚಿಂತಿಸತೊಡಗಿದ್ದೇನೆ, ಈ ಸಲ ಬಿಡದೆ ಎಲ್ಲವನ್ನೂ. ಹೋದ ಸಲ ಅಷ್ಟೆಲ್ಲ ಚಿಂತಿಸಿದರೂ ಒಂದು ತಪ್ಪಿಹೋಗಿತ್ತು. ದೊಡ್ಡದೇನಲ್ಲ. ರೊಟ್ಟಿ ಬಿಸಿ ಇತ್ತು, ನನಗೆ ನಿದ್ದೆ ಹತ್ತಿತು.